ವಿಷಮಶೀತ ಜ್ವರ: ಕಾರಣ, ಹರಡುವ ಬಗೆ ಮತ್ತು ಗಡಿನಾಡಿನ ಮನೆಗಳು ತಿಳಿದಿರಬೇಕಾದದ್ದು

ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಮಗುವಿನ ಹೆಸರಿನ ಮುಂದೆ ಎರಡು ವಾರ, ಮೂರು ವಾರ ಗೈರುಹಾಜರಿ ಕಂಡರೆ, ವಿಚಾರಿಸಿದಾಗ ಮನೆಯವರಿಂದ ಬರುವ ಉತ್ತರಗಳಲ್ಲಿ ‘ಟೈಫಾಯಿಡ್’ ಎಂಬ ಪದ ಅಪರೂಪದ್ದಲ್ಲ. ಕನ್ನಡದಲ್ಲಿ ಇದಕ್ಕೆ ವಿಷಮಶೀತ ಜ್ವರವೆಂದು ಹೆಸರು. ಬಾಗಲೂರು, ಬೇರಿಗೆ, ಹೊಸೂರು, ತಳಿ ಪ್ರದೇಶಗಳ ಕನ್ನಡ ಮನೆಗಳಲ್ಲಿ ಈ ಜ್ವರದ ಹೆಸರನ್ನು ಕೇಳದವರಿಲ್ಲ. ಆದರೆ ಅದು ಎಲ್ಲಿಂದ ಬರುತ್ತದೆ, ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂಬ ವಿಷಯದಲ್ಲಿ ತಪ್ಪು ಕಲ್ಪನೆಗಳೇ ಹೆಚ್ಚು. ಮಳೆಯಲ್ಲಿ ನೆನೆದದ್ದು, ಬಿಸಿಲಿನಲ್ಲಿ ಆಡಿದ್ದು, ದೇಹದ ಉಷ್ಣ ಏರಿದ್ದು ಇವುಗಳಲ್ಲಿ ಯಾವುದೂ ವಿಷಮಶೀತ ಜ್ವರಕ್ಕೆ ಕಾರಣವಲ್ಲ. ಆರೋಗ್ಯ ಕೇಂದ್ರದ ಗೋಡೆಯ ಮೇಲಿನ ತಮಿಳು ಫಲಕವನ್ನು ಓದಲಾಗದ ಪೋಷಕರೂ ನಮ್ಮ ನಡುವೆ ಇರುವುದರಿಂದ, ಈ ರೋಗದ ಕುರಿತು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕನ್ನಡದಲ್ಲಿ ಒಟ್ಟುಗೂಡಿಸಿದ್ದೇವೆ.

ರೋಗಕಾರಕ ಯಾವುದು?

ವಿಷಮಶೀತ ಜ್ವರಕ್ಕೆ ಕಾರಣ ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ. ಕಡ್ಡಿಯಾಕಾರದ ಈ ಜೀವಿಗೆ ಮೈಸುತ್ತಲೂ ಎಳೆಗಳಂತಹ ಕಶಾಂಗಗಳಿದ್ದು, ಅವುಗಳ ನೆರವಿನಿಂದ ಅದು ದ್ರವದಲ್ಲಿ ಚಲಿಸುತ್ತದೆ. 1880ರಲ್ಲಿ ಜರ್ಮನಿಯ ಕಾರ್ಲ್ ಎಬರ್ತ್ ಈ ರೋಗದಿಂದ ಸತ್ತವರ ಅಂಗಾಂಶಗಳಲ್ಲಿ ಇದನ್ನು ಗುರುತಿಸಿದರು. 1884ರಲ್ಲಿ ಗೆಯೋರ್ಗ್ ಗಾಫ್ಕಿ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಪ್ಯಾರಾಟೈಫಿ ಎಂಬ ಸೋದರ ಜೀವಿಯಿಂದ ಬರುವ ಪ್ಯಾರಾಟೈಫಾಯಿಡ್ ಜ್ವರವೂ ಹೆಚ್ಚುಕಡಿಮೆ ಇದೇ ಲಕ್ಷಣಗಳನ್ನು ತೋರುತ್ತದೆ. ಇವೆರಡನ್ನೂ ಒಟ್ಟಾಗಿ ಕರುಳಿನ ಜ್ವರ ಎಂದು ಕರೆಯುವುದುಂಟು.

ಈ ಸೂಕ್ಷ್ಮಾಣುವಿನ ಒಂದು ಗುಣವನ್ನು ಪ್ರತಿಯೊಬ್ಬ ಪೋಷಕರೂ ನೆನಪಿಡಬೇಕು. ಅದರ ಆಶ್ರಯ ಮನುಷ್ಯನೊಬ್ಬನೇ. ಹಸು, ನಾಯಿ, ಕೋಳಿ, ಸೊಳ್ಳೆಗಳಲ್ಲಿ ಅದು ನೆಲೆಸುವುದಿಲ್ಲ. ಆದ್ದರಿಂದ ಒಂದು ಮಗುವಿಗೆ ವಿಷಮಶೀತ ಜ್ವರ ಬಂದಿದೆಯೆಂದರೆ, ಬೇರೊಬ್ಬ ಮನುಷ್ಯನ ಮಲ ಅಥವಾ ಅಪರೂಪವಾಗಿ ಮೂತ್ರದ ಅಂಶವು ಯಾವುದೋ ದಾರಿಯಿಂದ ಆ ಮಗುವಿನ ಬಾಯಿಯನ್ನು ಸೇರಿದೆ ಎಂದೇ ಅರ್ಥ. ಕೇಳಲು ಕಹಿಯಾದರೂ ಈ ಮಾತಿನಲ್ಲಿ ಭರವಸೆಯೂ ಇದೆ: ಆ ದಾರಿಯನ್ನು ಮುಚ್ಚಿದರೆ ರೋಗವೂ ನಿಲ್ಲುತ್ತದೆ.

ರೋಗಾಣುವನ್ನು ಕಾಣುವ ಮೊದಲೇ ಈ ದಾರಿಯನ್ನು ಊಹಿಸಿದವರು ಇಂಗ್ಲೆಂಡಿನ ವೈದ್ಯ ವಿಲಿಯಂ ಬಡ್. 1839ರಲ್ಲಿ ತಮ್ಮ ಹುಟ್ಟೂರಾದ ನಾರ್ತ್ ಟಾಟನ್‌ನಲ್ಲಿ ಜ್ವರ ಹಬ್ಬಿದಾಗ, ಅದು ಕೆಟ್ಟ ಗಾಳಿಯಿಂದ ತಾನಾಗಿ ಹುಟ್ಟುವುದಿಲ್ಲ, ರೋಗಿಯ ಮಲದ ಮೂಲಕ ಮುಂದಿನವರಿಗೆ ದಾಟುತ್ತದೆ ಎಂಬುದನ್ನು ಅವರು ಗಮನಿಸಿದರು. ಅವರ ಗ್ರಂಥ 1873ರಲ್ಲಿ ಪ್ರಕಟವಾಯಿತು. ಅಂದಿನ ಅನೇಕ ವೈದ್ಯರು ಅದನ್ನು ಸುಲಭವಾಗಿ ಒಪ್ಪಲಿಲ್ಲ.

ದೇಹದೊಳಗೆ ನಡೆಯುವುದೇನು?

ಕಲುಷಿತ ನೀರು ಅಥವಾ ಆಹಾರದ ಜೊತೆ ಒಳಹೊಕ್ಕ ರೋಗಾಣುಗಳಲ್ಲಿ ಬಹುಪಾಲು ಜಠರದ ಆಮ್ಲದಲ್ಲಿ ಸಾಯುತ್ತವೆ. ಉಳಿದವು ಸಣ್ಣ ಕರುಳನ್ನು ತಲುಪಿ, ಅಲ್ಲಿನ ಪೇಯರ್ ತೇಪೆಗಳೆಂಬ ದುಗ್ಧ ಅಂಗಾಂಶದ ಮೂಲಕ ಕರುಳಿನ ಗೋಡೆಯನ್ನು ದಾಟುತ್ತವೆ. ರೋಗಾಣುಗಳನ್ನು ನುಂಗಿ ಕೊಲ್ಲಬೇಕಾದ ಭಕ್ಷಕ ಕೋಶಗಳ ಒಳಗೇ ಇವು ಬದುಕಿ ವೃದ್ಧಿಯಾಗುತ್ತವೆ. ಅದೇ ಕೋಶಗಳನ್ನು ವಾಹನವಾಗಿಸಿಕೊಂಡು ಯಕೃತ್ತು, ಗುಲ್ಮ ಮತ್ತು ಅಸ್ಥಿಮಜ್ಜೆಯನ್ನು ಸೇರುತ್ತವೆ. ಈ ಅವಧಿಯಲ್ಲಿ ಮಗು ಆರೋಗ್ಯವಾಗಿಯೇ ಕಾಣುತ್ತದೆ. ಸಾಮಾನ್ಯವಾಗಿ 8ರಿಂದ 14 ದಿನಗಳು, ಕೆಲವೊಮ್ಮೆ ಒಂದು ತಿಂಗಳವರೆಗೂ ಈ ಗುಪ್ತಕಾಲ ಇರಬಹುದು. ಹಾಗಾಗಿ ಜ್ವರ ಬಂದ ಹಿಂದಿನ ದಿನ ತಿಂದ ತಿಂಡಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಎರಡು ವಾರಗಳ ಹಿಂದೆ ಹೋಗಿದ್ದ ಜಾತ್ರೆ, ಮದುವೆ, ನೆಂಟರ ಮನೆಯನ್ನು ನೆನಪಿಸಿಕೊಳ್ಳಬೇಕು.

ಅನಂತರ ರೋಗಾಣುಗಳು ಮತ್ತೆ ರಕ್ತಕ್ಕೆ ನುಗ್ಗಿದಾಗ ಜ್ವರ ಆರಂಭವಾಗುತ್ತದೆ. ಅಲ್ಲಿಂದ ಪಿತ್ತಕೋಶವನ್ನು ಹೊಕ್ಕು, ಪಿತ್ತರಸದೊಂದಿಗೆ ಮತ್ತೆ ಕರುಳಿಗೆ ಇಳಿದು ಪೇಯರ್ ತೇಪೆಗಳಲ್ಲಿ ಹುಣ್ಣುಗಳನ್ನು ಉಂಟುಮಾಡುತ್ತವೆ. ಚಿಕಿತ್ಸೆ ಸಿಗದಿದ್ದರೆ ಸಾಮಾನ್ಯವಾಗಿ ಮೂರನೆಯ ವಾರದ ಹೊತ್ತಿಗೆ ಈ ಹುಣ್ಣುಗಳಿಂದ ರಕ್ತ ಸೋರಬಹುದು, ಕರುಳು ತೂತಾಗಲೂಬಹುದು. ವಿಷಮಶೀತ ಜ್ವರ ಪ್ರಾಣ ತೆಗೆಯುವುದು ಹೆಚ್ಚಾಗಿ ಈ ಹಂತದಲ್ಲಿ. ಪ್ರತಿಜೀವಕ ಔಷಧಗಳು ಬರುವ ಮೊದಲು ರೋಗಿಗಳಲ್ಲಿ ನೂರಕ್ಕೆ 10ರಿಂದ 20 ಮಂದಿ ಸಾಯುತ್ತಿದ್ದರು. ವಿಮಾನ ಹಾರಿಸಿದ ರೈಟ್ ಸಹೋದರರ ಪಾಠವನ್ನು ನಮ್ಮ ಮಕ್ಕಳು ಓದುತ್ತಾರೆ. ಅವರಲ್ಲಿ ಹಿರಿಯನಾದ ವಿಲ್ಬರ್ ರೈಟ್ 1912ರಲ್ಲಿ, 45ನೆಯ ವಯಸ್ಸಿನಲ್ಲಿ ಸತ್ತದ್ದು ಇದೇ ಜ್ವರದಿಂದ. ಇಂದು ಸಕಾಲದಲ್ಲಿ ಸರಿಯಾದ ಔಷಧ ಸಿಕ್ಕರೆ ಸಾವು ತೀರಾ ವಿರಳ.

ಲಕ್ಷಣಗಳು

ಜ್ವರ ಒಮ್ಮೆಲೇ ಏರುವುದಿಲ್ಲ. ಮೆಟ್ಟಿಲು ಹತ್ತಿದಂತೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರುತ್ತ, ವಾರದ ಕೊನೆಗೆ 103–104 ಡಿಗ್ರಿ ಫ್ಯಾರನ್‌ಹೀಟ್ ತಲುಪಬಹುದು. ತಲೆನೋವು, ನಿಶ್ಶಕ್ತಿ, ಹಸಿವಿಲ್ಲದಿರುವಿಕೆ, ಹೊಟ್ಟೆನೋವು, ಒಣ ಕೆಮ್ಮು ಮತ್ತು ನಡುವೆ ಬಿಳಿಯಾಗಿ ಪದರಗಟ್ಟಿದ ನಾಲಿಗೆ ಕಾಣುತ್ತವೆ. ದೊಡ್ಡವರಲ್ಲಿ ಮಲಬದ್ಧತೆ, ಚಿಕ್ಕ ಮಕ್ಕಳಲ್ಲಿ ಭೇದಿ ಹೆಚ್ಚು. ಎದೆ ಮತ್ತು ಹೊಟ್ಟೆಯ ಮೇಲೆ ಗುಲಾಬಿ ಬಣ್ಣದ ಸಣ್ಣ ಮಚ್ಚೆಗಳು ಏಳುತ್ತವೆ ಎಂದು ಪುಸ್ತಕಗಳಲ್ಲಿದ್ದರೂ, ನಮ್ಮ ಕಂದು ಚರ್ಮದ ಮೇಲೆ ಅವು ಸುಲಭವಾಗಿ ಕಾಣಿಸವು. ಡೆಂಗಿ, ಮಲೇರಿಯಾ ಮೊದಲಾದ ಜ್ವರಗಳೂ ಆರಂಭದಲ್ಲಿ ಇದೇ ರೀತಿ ತೋರುವುದರಿಂದ ಮನೆಯಲ್ಲಿ ಕುಳಿತು ನಿರ್ಧರಿಸುವಂತಿಲ್ಲ. ಮೂರು ದಿನ ಬಿಡದ ಜ್ವರಕ್ಕೆ ವೈದ್ಯರನ್ನು ಕಾಣಲೇಬೇಕು.

ಹರಡುವ ದಾರಿಗಳು

ಮೊದಲನೆಯದು ನೀರು. ಮಲಿನ ಜಲ ಸೇರಿದ ಬಾವಿ, ಕೆರೆ, ಸೋರುವ ಕೊಳಾಯಿಗಳ ಮೂಲಕ ಒಂದು ಇಡೀ ಬೀದಿಗೆ ರೋಗ ತಲುಪಬಹುದು. ನೀರು ದಿನವಿಡೀ ಬರುವ ಕೊಳವೆಯಲ್ಲಿ ಒತ್ತಡವು ಒಳಗಿನಿಂದ ಹೊರಕ್ಕೆ ಇರುತ್ತದೆ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಕೊಳವೆ ಬರಿದಾದಾಗ ಒತ್ತಡ ಕುಸಿದು, ಬಿರುಕುಗಳ ಮೂಲಕ ಪಕ್ಕದ ಚರಂಡಿಯ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಆದ್ದರಿಂದ ನೀರು ಬಿಟ್ಟಾಗ ಮೊದಲು ಬರುವ ಕೆಲವು ಬಿಂದಿಗೆಗಳನ್ನು ಕುಡಿಯಲು ಹಿಡಿಯದಿರುವುದು ಒಳ್ಳೆಯದು.

ಎರಡನೆಯದು ಆಹಾರ. ಶೌಚದ ನಂತರ ಸೋಪಿನಿಂದ ಕೈ ತೊಳೆಯದೆ ಅಡುಗೆ ಮಾಡುವವರು, ಬಡಿಸುವವರು ಬಿಸಿಯಾಗದ ಪದಾರ್ಥಗಳಿಗೆ ರೋಗಾಣುವನ್ನು ದಾಟಿಸಬಹುದು. ಚಟ್ನಿ, ಕೋಸಂಬರಿ, ಹೆಚ್ಚಿಟ್ಟ ಹಣ್ಣು, ಪಾನಿಪುರಿಯ ನೀರು, ಐಸ್ ಗೋಲ ಇಂಥವುಗಳಲ್ಲಿ ಅಪಾಯ ಹೆಚ್ಚು. ಮಂಜುಗಡ್ಡೆಯಲ್ಲಿ ರೋಗಾಣು ಸಾಯುವುದಿಲ್ಲ. ಬಿಸಿಬಿಸಿಯಾಗಿ ಆಗಲೇ ಬೇಯಿಸಿದ ಇಡ್ಲಿ, ಕುದಿಯುವ ಸಾರು ಬೀದಿ ಬದಿಯದಾದರೂ ಅಷ್ಟು ಅಪಾಯಕಾರಿಯಲ್ಲ.

ಮೂರನೆಯದು ನೊಣ. ಬಯಲು ಮಲದ ಮೇಲೆ ಕುಳಿತ ನೊಣ ಮುಚ್ಚದ ಆಹಾರದ ಮೇಲೆ ಬಂದು ಕುಳಿತರೆ ಕಾಲುಗಳಲ್ಲಿ ರೋಗಾಣುವನ್ನು ಹೊತ್ತು ತರುತ್ತದೆ.

ನಾಲ್ಕನೆಯದು ರೋಗವಾಹಕರು. ಗುಣಮುಖರಾದವರಲ್ಲಿ ನೂರಕ್ಕೆ 1ರಿಂದ 5 ಮಂದಿಯ ಪಿತ್ತಕೋಶದಲ್ಲಿ ರೋಗಾಣು ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿಯುತ್ತದೆ. ಪಿತ್ತಕಲ್ಲು ಇರುವವರಲ್ಲಿ, ಮಹಿಳೆಯರಲ್ಲಿ ಇದು ಹೆಚ್ಚು. ಇವರಿಗೆ ಜ್ವರವಿರದು, ಬಾಧೆಯಿರದು, ಆದರೆ ಮಲದಲ್ಲಿ ರೋಗಾಣು ಹೊರಬರುತ್ತಿರುತ್ತದೆ. ಜಗತ್ತಿಗೆ ಗೊತ್ತಿರುವ ಉದಾಹರಣೆ ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್. ಆಕೆ ಕೆಲಸ ಮಾಡಿದ ಮನೆಗಳಲ್ಲಿ ಒಂದರ ನಂತರ ಒಂದರಂತೆ ಜ್ವರ ಕಾಣಿಸಿಕೊಂಡಿತು. 1907ರಲ್ಲಿ ಆಕೆಯನ್ನು ಪ್ರತ್ಯೇಕವಾಗಿ ಇರಿಸಲಾಯಿತು. ಮುಂದೆ ಅಡುಗೆ ಮಾಡಬಾರದೆಂಬ ಷರತ್ತಿನ ಮೇಲೆ 1910ರಲ್ಲಿ ಬಿಡುಗಡೆಯಾಯಿತು. ಬೇರೆ ಕಸುಬಿನಲ್ಲಿ ಸಂಬಳ ಸಾಲದೆ ಆಕೆ ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಗೆ ಹೋದಳು. 1915ರಲ್ಲಿ ಹೆರಿಗೆ ಆಸ್ಪತ್ರೆಯೊಂದರಲ್ಲಿ 25 ಮಂದಿಗೆ ರೋಗ ತಗುಲಿತು. 1938ರಲ್ಲಿ ಸಾಯುವವರೆಗೂ ಆಕೆ ದ್ವೀಪವೊಂದರ ಆಸ್ಪತ್ರೆಯಲ್ಲಿ ಬಂಧಿಯಾಗಿದ್ದಳು. ಈ ಕಥೆಯನ್ನು ನಾವು ಹೇಳುವುದು ಅಡುಗೆಯವರನ್ನು ಅನುಮಾನಿಸಲೆಂದಲ್ಲ. ರೋಗವಾಹಕರು ತಪ್ಪಿತಸ್ಥರಲ್ಲ. ಅವರನ್ನು ಪರೀಕ್ಷೆಯಿಂದ ಗುರುತಿಸಿ, ಚಿಕಿತ್ಸೆ ಕೊಟ್ಟು, ಸಂಬಳ ಕಡಿತವಿಲ್ಲದೆ ಬೇರೆ ಕೆಲಸ ಕೊಡಬೇಕು. ಹಾಗಾದಾಗ ಮಾತ್ರ ಯಾರೂ ರೋಗವನ್ನು ಮುಚ್ಚಿಡುವುದಿಲ್ಲ.

ನಮ್ಮ ನೀರು, ನಮ್ಮ ನದಿ

ನಂದಿ ಬೆಟ್ಟಗಳ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ನದಿಯು ಬೆಂಗಳೂರಿನ ಪೂರ್ವ ಭಾಗದ ಕೊಳಚೆಯನ್ನು, ವರ್ತೂರು ಕೆರೆಯ ಕೋಡಿಯ ನೀರನ್ನು ಸೇರಿಸಿಕೊಂಡು ಬಾಗಲೂರಿನ ಸಮೀಪದ ಕೊಡಿಯಾಳಂ ಬಳಿ ತಮಿಳುನಾಡನ್ನು ಪ್ರವೇಶಿಸುತ್ತದೆ. ಇಲ್ಲಿ ಅದರ ಹೆಸರು ತೆನ್‌ಪೆಣ್ಣೈ. ಕೆಲವರಪಳ್ಳಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಏಳುವ ಬಿಳಿ ನೊರೆಯ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ನೊರೆ ಏಳುವುದು ಸಾಬೂನು, ಮಾರ್ಜಕಗಳಿಂದ. ನೊರೆಯೇ ವಿಷಮಶೀತ ಜ್ವರವನ್ನು ತರುವುದಿಲ್ಲ. ಆದರೆ ಅದು ನಗರದ ಮನೆಗಳ ಬಳಕೆಯ ನೀರು ನದಿಗೆ ಸೇರಿದೆ ಎಂಬುದರ ಗುರುತು. ಆ ನೀರಿನೊಂದಿಗೆ ಶೌಚದ ನೀರೂ ಬಂದಿರುತ್ತದೆ ಎಂಬುದನ್ನು ಮರೆಯಬಾರದು.

ಹೊಸೂರು ಸೀಮೆ ಗುಲಾಬಿಗೆ, ತರಕಾರಿಗೆ ಹೆಸರಾದದ್ದು. ಕೊಳಚೆ ಬೆರೆತ ನೀರಿನಿಂದ ಬೆಳೆದ ತರಕಾರಿಯ ವಿಷಯದಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಅನುಭವ ನಮಗೆ ಪಾಠವಾಗಬೇಕು. ಅದರ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಮನೆಮನೆಗೆ ಶುದ್ಧ ಕುಡಿಯುವ ನೀರಿದ್ದರೂ 1980ರ ದಶಕದಲ್ಲಿ ವಿಷಮಶೀತ ಜ್ವರ ವ್ಯಾಪಕವಾಗಿತ್ತು. ಕಾರಣ, ನಗರದ ಶುದ್ಧೀಕರಿಸದ ಕೊಳಚೆ ನೀರಿನಿಂದ ಹಸಿಯಾಗಿ ತಿನ್ನುವ ತರಕಾರಿಗಳನ್ನು ಬೆಳೆಯುತ್ತಿದ್ದುದು. 1991ರಲ್ಲಿ ಕಾಲರಾ ಭಯದಿಂದ ಸರ್ಕಾರ ಅಂತಹ ಬೇಸಾಯವನ್ನು ತಡೆದೊಡನೆ ವಿಷಮಶೀತ ಜ್ವರವೂ ಹಠಾತ್ತನೆ ಇಳಿಯಿತು. ನಮ್ಮ ರೈತರು ಬೇಕೆಂದು ಕೊಳಚೆ ನೀರನ್ನು ಹಾಯಿಸುವವರಲ್ಲ. ನದಿ ತಂದದ್ದನ್ನು ಬಳಸುತ್ತಾರೆ. ಮೇಲಿನ ನಗರ ತನ್ನ ಕೊಳಚೆಯನ್ನು ಶುದ್ಧೀಕರಿಸಿ ಬಿಡಬೇಕೆಂದು ಎರಡೂ ರಾಜ್ಯಗಳ ಜನ ಕೇಳಬೇಕು. ಅಲ್ಲಿಯವರೆಗೆ ಹಸಿಯಾಗಿ ತಿನ್ನುವ ಕ್ಯಾರೆಟ್, ಮೂಲಂಗಿ, ಕೊತ್ತಂಬರಿ, ಪುದೀನಗಳನ್ನು ಶುದ್ಧ ನೀರಿನಲ್ಲಿ ಹಲವು ಬಾರಿ ತೊಳೆಯಬೇಕು. ಸಿಪ್ಪೆ ತೆಗೆಯಬಹುದಾದದ್ದನ್ನು ತೆಗೆಯಬೇಕು. ಉಳಿದವನ್ನು ಬೇಯಿಸಿ ತಿನ್ನುವುದೇ ಸುರಕ್ಷಿತ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿದೆ. ಅದಕ್ಕಾಗಿಯೇ ಕಾವೇರಿ ನೀರನ್ನು ತರುವ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಫ್ಲೋರೈಡ್ ಬೇರೆ, ರೋಗಾಣು ಬೇರೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಹಾಗೆಯೇ ಫ್ಲೋರೈಡ್ ಇಲ್ಲದ ಕೊಳಾಯಿ ನೀರಿನಲ್ಲಿ ರೋಗಾಣು ಇರಲಾರದು ಎಂದೂ ಭಾವಿಸಬಾರದು. ಸಾಧ್ಯವಾದಲ್ಲೆಲ್ಲ ಕುಡಿಯಲು ಯೋಜನೆಯ ನೀರನ್ನೇ ಹಿಡಿದು, ಅದನ್ನು ಕುದಿಸಿ ಬಳಸುವುದು ಉತ್ತಮ.

ರೋಗ ದೂರದ್ದಲ್ಲ

2019ರಲ್ಲಿ ಜಗತ್ತಿನಾದ್ಯಂತ ಸುಮಾರು 90 ಲಕ್ಷ ಮಂದಿಗೆ ಈ ಜ್ವರ ಬಂದು, ಸುಮಾರು 1,10,000 ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮಗೆ ಇನ್ನೂ ಹತ್ತಿರದ ಲೆಕ್ಕ ವೆಲ್ಲೂರಿನದು. 2017ರಿಂದ 2020ರವರೆಗೆ ದೇಶದ ನಾಲ್ಕು ಕಡೆ 6 ತಿಂಗಳಿನಿಂದ 14 ವರ್ಷದವರೆಗಿನ ಮಕ್ಕಳನ್ನು ವಾರವಾರವೂ ವಿಚಾರಿಸಿ ನಡೆಸಿದ ಅಧ್ಯಯನದಲ್ಲಿ, ಒಂದು ಲಕ್ಷ ಮಕ್ಕಳನ್ನು ಒಂದು ವರ್ಷ ಗಮನಿಸಿದರೆ ವೆಲ್ಲೂರಿನಲ್ಲಿ 1,173, ಕೋಲ್ಕತ್ತದಲ್ಲಿ 714, ದೆಹಲಿಯಲ್ಲಿ 576 ಪ್ರಕರಣಗಳ ಪ್ರಮಾಣ ಕಂಡುಬಂತು. ಪುಣೆ ಬಳಿಯ ಗ್ರಾಮೀಣ ಪ್ರದೇಶದಲ್ಲಿ ಅದು ಕೇವಲ 35. ಒತ್ತೊತ್ತಾಗಿ ಮನೆಗಳಿರುವ ನಗರ ಪ್ರದೇಶಗಳಲ್ಲಿ ಅಪಾಯ ಎಷ್ಟು ಹೆಚ್ಚೆಂಬುದು ಇದರಿಂದ ತಿಳಿಯುತ್ತದೆ. ಹೊಸೂರು ದಿನೇ ದಿನೇ ನಗರವಾಗಿ ಬಾಗಲೂರಿನ ಕಡೆಗೆ ಬೆಳೆಯುತ್ತಿರುವ ಈ ಕಾಲದಲ್ಲಿ ಈ ಅಂಕಿಗಳನ್ನು ನಾವು ಲಘುವಾಗಿ ಕಾಣುವಂತಿಲ್ಲ.

ಪರೀಕ್ಷೆ ಮತ್ತು ಚಿಕಿತ್ಸೆ

ರೋಗವನ್ನು ಖಚಿತವಾಗಿ ಗುರುತಿಸುವ ವಿಧಾನ ರಕ್ತದ ಕಲ್ಚರ್ ಪರೀಕ್ಷೆ. ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವುದರಿಂದ ಯಾವ ಔಷಧ ಅದನ್ನು ಕೊಲ್ಲುತ್ತದೆ ಎಂಬುದೂ ತಿಳಿಯುತ್ತದೆ. ಇದನ್ನು ಪ್ರತಿಜೀವಕ ಆರಂಭಿಸುವ ಮೊದಲೇ, ಜ್ವರದ ಮೊದಲ ವಾರದಲ್ಲಿ ಮಾಡಿಸಬೇಕು. ಊರಿನ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಮಾಡುವ ವಿಡಾಲ್ ಪರೀಕ್ಷೆ 1896ರಷ್ಟು ಹಳೆಯದು. ಅದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಅಳೆಯುತ್ತದೆ. ಹಿಂದೆ ಎಂದೋ ಬಂದ ಜ್ವರ ಅಥವಾ ಬೇರೆ ಸೋಂಕಿನಿಂದಲೂ ಅದು ತಪ್ಪಾಗಿ ‘ಪಾಸಿಟಿವ್’ ತೋರಬಹುದು. ಮೊದಲ ದಿನಗಳಲ್ಲಿ ನಿಜವಾದ ರೋಗಿಗೂ ‘ನೆಗೆಟಿವ್’ ಬರಬಹುದು. ಒಂದೇ ವಿಡಾಲ್ ಚೀಟಿಯನ್ನು ಹಿಡಿದು ಔಷಧದಂಗಡಿಗೆ ಹೋಗುವುದು ಸರಿಯಲ್ಲ.

1948ರಲ್ಲಿ ಕ್ಲೋರಾಂಫೆನಿಕಾಲ್ ಬಳಕೆಗೆ ಬಂದಾಗ ವಿಷಮಶೀತ ಜ್ವರದ ಭಯ ಕಳೆಯಿತೆಂದು ಜಗತ್ತು ನಂಬಿತ್ತು. 1972ರಲ್ಲಿ ನಮ್ಮ ನೆರೆಯ ಕೇರಳದ ಕೋಳಿಕ್ಕೋಡಿನಲ್ಲಿಯೇ ಆ ಔಷಧಕ್ಕೆ ಬಗ್ಗದ ರೋಗಾಣು ಹಬ್ಬಿತು. ಅನಂತರ ಬಂದ ಸಿಪ್ರೊಫ್ಲಾಕ್ಸಸಿನ್ ಕೂಡ ಈಗ ನಮ್ಮ ದೇಶದಲ್ಲಿ ಬಹುಮಟ್ಟಿಗೆ ಬಲ ಕಳೆದುಕೊಂಡಿದೆ. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಆರಂಭವಾದ ರೋಗದಲ್ಲಿ ಕೊನೆಯ ಕೆಲವು ಔಷಧಗಳು ಮಾತ್ರ ಕೆಲಸ ಮಾಡಿದವು. ವೈದ್ಯರು ಬರೆಯದ ಮಾತ್ರೆ ನುಂಗುವುದು, ಜ್ವರ ಇಳಿದೊಡನೆ ಮಾತ್ರೆ ನಿಲ್ಲಿಸುವುದು ಇವೇ ರೋಗಾಣುವಿಗೆ ಇಂತಹ ಬಲ ಕೊಡುವ ಅಭ್ಯಾಸಗಳು.

ಪೋಷಕರು ಮುಖ್ಯವಾಗಿ ತಿಳಿಯಬೇಕಾದದ್ದು ಇಷ್ಟು. ಸರಿಯಾದ ಔಷಧ ಆರಂಭಿಸಿದರೂ ಜ್ವರ ಪೂರ್ಣವಾಗಿ ಇಳಿಯಲು ನಾಲ್ಕೈದು ದಿನ, ಕೆಲವೊಮ್ಮೆ ಒಂದು ವಾರ ಬೇಕು. ಎರಡನೆಯ ದಿನವೇ ಔಷಧ ಹಿಡಿಯಲಿಲ್ಲವೆಂದು ಆಸ್ಪತ್ರೆ ಬದಲಿಸಿದರೆ ಪರೀಕ್ಷೆ, ಔಷಧ ಎಲ್ಲವೂ ಮೊದಲಿನಿಂದ ಆರಂಭವಾಗುತ್ತವೆ. ಬದಲಿಸಲೇಬೇಕಾದರೆ ಹಳೆಯ ಚೀಟಿಗಳನ್ನು ತಪ್ಪದೆ ಒಯ್ಯಬೇಕು. ಜ್ವರದವರಿಗೆ ಅನ್ನ ಕೊಡಬಾರದೆಂಬ ಹಳೆಯ ಪಥ್ಯವೂ ಸರಿಯಲ್ಲ. ಮೃದುವಾದ ಅನ್ನ, ಬೇಳೆ, ಗಂಜಿ, ಮೊಸರು, ಬಾಳೆಹಣ್ಣು, ಸಾಕಷ್ಟು ಕುದಿಸಿ ಆರಿಸಿದ ನೀರು ಕೊಡಬೇಕು. ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ಸಹಿಸಲಾಗದ ಹೊಟ್ಟೆನೋವು, ಕಪ್ಪು ಅಥವಾ ರಕ್ತ ಬೆರೆತ ಮಲ, ನಿಲ್ಲದ ವಾಂತಿ, ಬಡಬಡಿಕೆ ಅಥವಾ ಮಂಪರು ಕಂಡರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಗುಣವಾದ ಎರಡು ಮೂರು ವಾರಗಳ ನಂತರ ಜ್ವರ ಮರುಕಳಿಸುವುದೂ ಉಂಟು.

ಆಸ್ಪತ್ರೆಯಲ್ಲಿ ಬೇಕಾಗುವ ಮಾತುಗಳು

ತಮಿಳು ಅಷ್ಟಾಗಿ ಬಾರದ ತಾಯಂದಿರಿಗೆ ಕೆಲವು ಪದಗಳು ನೆರವಾಗಬಹುದು. ಜ್ವರಕ್ಕೆ ಕಾಯ್ಚಲ್ ಎನ್ನುತ್ತಾರೆ. ವಿಷಮಶೀತ ಜ್ವರವು ಟೈಫಾಯ್ಡು ಅಥವಾ ಕುಡಲ್ ಕಾಯ್ಚಲ್. ಹೊಟ್ಟೆನೋವು ವಯಿಟ್ರುವಲಿ, ಭೇದಿ ವಯಿಟ್ರುಪ್ಪೋಕ್ಕು, ಮಲಬದ್ಧತೆ ಮಲಚ್ಚಿಕ್ಕಲ್, ರಕ್ತಪರೀಕ್ಷೆ ರತ್ತ ಪರಿಶೋದನೈ, ಕುಡಿಯುವ ನೀರು ಕುಡಿನೀರ್. ಜ್ವರ ಯಾವ ದಿನ ಆರಂಭವಾಯಿತು, ಈವರೆಗೆ ಯಾವ ಮಾತ್ರೆ ಕೊಟ್ಟಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಒಯ್ದರೆ ಭಾಷೆಯ ತೊಡಕು ಅರ್ಧ ಕಡಿಮೆಯಾಗುತ್ತದೆ. ಕನ್ನಡಿಗರು ಹೆಚ್ಚಿರುವ ಊರುಗಳ ಆರೋಗ್ಯ ಕೇಂದ್ರಗಳಲ್ಲಿ ತಮಿಳಿನ ಜೊತೆಗೆ ಕನ್ನಡದಲ್ಲಿಯೂ ಎಚ್ಚರಿಕೆಯ ಫಲಕ ಹಾಕಬೇಕೆಂಬ ನಮ್ಮ ಬೇಡಿಕೆ ಭಾಷಾಭಿಮಾನದ ಮಾತಷ್ಟೇ ಅಲ್ಲ, ಮಕ್ಕಳ ಪ್ರಾಣದ ಮಾತು.

ತಡೆಗಟ್ಟುವುದು ಹೇಗೆ?

ಕುಡಿಯುವ ನೀರನ್ನು ಗುಳ್ಳೆಗಳು ಚೆನ್ನಾಗಿ ಏಳುವಂತೆ ಕನಿಷ್ಠ ಒಂದು ನಿಮಿಷ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಬೇಕು. ಕೈ ಅದ್ದದೆ, ಹಿಡಿಯುಳ್ಳ ಸೌಟಿನಿಂದ ತೆಗೆಯಬೇಕು. ಶಾಲೆಯ ಅಥವಾ ಬೀದಿಯ ತೊಟ್ಟಿಗೆ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿಯ ತಿಳಿಯನ್ನು ಬೆರೆಸಿ ಒಂದು ಗಂಟೆ ಬಿಟ್ಟು ಬಳಸಬಹುದು. ನೀರು ಕೆಸರಾಗಿದ್ದರೆ ಇಷ್ಟು ಸಾಲದು. ತೆರೆದಿಟ್ಟ ಹಳೆಯ ಪುಡಿಗೆ ಶಕ್ತಿಯಿರುವುದಿಲ್ಲ. ಕ್ಲೋರಿನ್ ವಾಸನೆಗೆ ಮುಖ ಸಿಂಡರಿಸುವವರು ನೆನಪಿಡಬೇಕು: 1908ರಲ್ಲಿ ಅಮೆರಿಕದ ಜೆರ್ಸಿ ನಗರದಲ್ಲಿ ಕುಡಿಯುವ ನೀರಿಗೆ ನಿರಂತರವಾಗಿ ಕ್ಲೋರಿನ್ ಸೇರಿಸತೊಡಗಿದ ಮೇಲೆ ಬೇರೆ ನಗರಗಳೂ ಅದನ್ನು ಅನುಸರಿಸಿದವು, ವಿಷಮಶೀತ ಜ್ವರದ ಸಾವುಗಳು ಇಳಿದವು.

ಶೌಚದ ನಂತರ, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದು ಮಕ್ಕಳಿಗೆ ಅಭ್ಯಾಸವಾಗಬೇಕು. ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ ಎರಡೂ ಶಾಲೆಯಲ್ಲೇ ನಡೆಯುವುದರಿಂದ ಕೊಳಾಯಿಯ ಬಳಿ ಸೋಪು ಇದೆಯೇ, ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂದು ಶಾಲಾ ನಿರ್ವಹಣಾ ಸಮಿತಿಯ ಸಭೆಯಲ್ಲಿ ಪೋಷಕರು ಕೇಳಬೇಕು. ಆ ಸಮಿತಿ ಇರುವುದೇ ಅದಕ್ಕಾಗಿ. ಜ್ವರ ವಾಸಿಯಾದ ಮಗು ಕೆಲವು ವಾರ ಮಲದಲ್ಲಿ ರೋಗಾಣುವನ್ನು ಹೊರಹಾಕಬಹುದು. ಆದ್ದರಿಂದ ವೈದ್ಯರ ಒಪ್ಪಿಗೆಯ ಮೇಲೆ ಶಾಲೆಗೆ ಕಳುಹಿಸಿ, ಕೈ ತೊಳೆಯುವುದನ್ನು ವಿಶೇಷವಾಗಿ ಗಮನಿಸಬೇಕು. ಆ ಮಗುವನ್ನು ದೂರ ಕೂರಿಸುವ ಅಗತ್ಯವಿಲ್ಲ. ಉಸಿರಿನಿಂದಾಗಲಿ ಪಕ್ಕದಲ್ಲಿ ಕುಳಿತದ್ದರಿಂದಾಗಲಿ ಈ ರೋಗ ಬಾರದು.

ಲಸಿಕೆಯೂ ಇದೆ. ಹೊಸ ಬಗೆಯ ಸಂಯುಕ್ತ ಲಸಿಕೆಯನ್ನು 6 ತಿಂಗಳು ತುಂಬಿದ ಮಗುವಿಗೆ ಒಂದೇ ಬಾರಿ ಹಾಕಬಹುದು. ಹೈದರಾಬಾದಿನಲ್ಲಿ ತಯಾರಾದ ಇಂತಹ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆತಿದೆ. ನೇಪಾಳ, ಮಲಾವಿ ದೇಶಗಳ ಪ್ರಯೋಗಗಳಲ್ಲಿ ಅದು ನೂರಕ್ಕೆ ಸುಮಾರು 80ರಷ್ಟು ರಕ್ಷಣೆ ನೀಡಿತು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 6ರಿಂದ 9 ತಿಂಗಳಿನಲ್ಲಿ ಇದನ್ನು ಹಾಕಿಸಲು ಶಿಫಾರಸು ಮಾಡುತ್ತದೆ. 2018ರಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆ ತನ್ನ ಮಕ್ಕಳಿಗೆ ಇದನ್ನು ಉಚಿತವಾಗಿ ಹಾಕಿಸಿತು. ದೊಡ್ಡ ಮಕ್ಕಳಿಗೂ ಹಾಕಿಸಬಹುದು. ನಿಮ್ಮ ಮಕ್ಕಳ ವೈದ್ಯರಲ್ಲಿ ವಿಚಾರಿಸಿ. ಆದರೆ ಲಸಿಕೆ ಹಾಕಿಸಿದೆವೆಂದು ನೀರು ಕುದಿಸುವುದನ್ನು ಬಿಡುವಂತಿಲ್ಲ.

ಒಂದೇ ಬೀದಿಯಲ್ಲಿ, ಒಂದೇ ತರಗತಿಯಲ್ಲಿ ಎರಡು ಮೂರು ಮಕ್ಕಳಿಗೆ ದೀರ್ಘ ಜ್ವರ ಬಂದರೆ ಅದನ್ನು ಕಾಕತಾಳೀಯವೆಂದು ಬಿಡಬಾರದು. ಶಾಲೆಗೆ, ಪಂಚಾಯಿತಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಿ, ನೀರಿನ ಪರೀಕ್ಷೆ ಮಾಡಿಸುವಂತೆ ಕೇಳಬೇಕು. 104 ಸಂಖ್ಯೆಗೆ ಕರೆ ಮಾಡಿಯೂ ಸಲಹೆ ಪಡೆಯಬಹುದು. ಈ ಬರಹವನ್ನು ಓದಲಾಗದ ಅಜ್ಜಿಯರಿಗೆ, ತಾಯಂದಿರಿಗೆ ಮಕ್ಕಳೇ ಓದಿ ಹೇಳಲಿ ಎಂಬುದು ನಮ್ಮ ಕೋರಿಕೆ.